ಕೊನೆಯ ಸಾಲಿನ ಸೊನ್ನೆ

ಸತ್ತವರು ಒಬ್ಬ ಟೈಲರ್, ವಯಸ್ಸು ಅರವತ್ತೆಂಟು. ಅವರ ಸಾವಿಗೆ ಕಾರಣವಾಗುವಂತೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಏನು ಕೆಟ್ಟಿತೆಂದು ಪತ್ತೆ ಹಚ್ಚುವ ಕೆಲಸ ಅಲ್ಲಿನ ಕಂಪ್ಯೂಟರ್ ಕೋಣೆಯ ಕಿರಿಯ ಆಪರೇಟರ್ ಚೂಟಿಯ ಪಾಲಿಗೆ ಬಂತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟರು ಅನ್ನಿ.

ಆ ಆಸ್ಪತ್ರೆಯಲ್ಲಿ ದಿನಾ ಹನ್ನೊಂದು ಗಂಟೆಗೆ ಒಂದು ಪಟ್ಟಿ ಹೊರಡುತ್ತಿತ್ತು. ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಟ್ಟು ಮನೆಗೆ ಹೋದವರಲ್ಲಿ ಯಾರ ಫಲಿತಾಂಶ ಅಪಾಯದ ಗೆರೆ ದಾಟಿದೆಯೋ ಅವರ ಹೆಸರು, ಫೋನ್ ನಂಬರು ಅದರಲ್ಲಿರುತ್ತಿತ್ತು. ಕೆಳಗಿನ ಫೋನ್ ಕೋಣೆಯ ಮೂವರು ಹೆಂಗಸರು ಒಂದೊಂದೇ ಹೆಸರಿಗೆ ಕರೆ ಮಾಡಿ, "ಈಗಲೇ ಹೊರಟು ಬನ್ನಿ" ಎನ್ನುತ್ತಿದ್ದರು. ಸೋಮವಾರ ಅರವತ್ತಮೂರು ಹೆಸರು ಇರಬೇಕಿದ್ದ ಪಟ್ಟಿಯಲ್ಲಿ ನಲವತ್ತೊಂದೇ ಇದ್ದವು. ಟೈಲರ್‌ರದು ಐವತ್ತೆರಡನೆಯ ಹೆಸರು. ರಕ್ತದಲ್ಲಿ ಪೊಟ್ಯಾಷಿಯಂ ಏರಿದ್ದು ಗೊತ್ತಿಲ್ಲದೆ ಅವರು ಮನೆಯಲ್ಲೇ ಇದ್ದರು. ಸಂಜೆ ಐದಕ್ಕೆ ಹೃದಯ ನಿಂತಿತು.

ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದವಳು ಚೂಟಿಯೇ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಅವಳಂತೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವಳಿಗೆ ಮ್ಯಾನೇಜರಿಗೆ ಕೊಡಬೇಕಾದ ತಿಂಗಳ ವರದಿಯ ಅವಸರ. ಸರ್ವರ್ ಆಮೆಯಾಗಿತ್ತು. ಓಡುತ್ತಿರುವ ಪ್ರೊಗ್ರಾಮ್‌ಗಳ ಸಾಲು ತೆಗೆದು ನೋಡಿದಳು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪಗೆ ಒಂದು ಕೂತಿತ್ತು. ಯಾರದು, ಏನು ಮಾಡುತ್ತಿದೆ ಎಂದು ಓದುವ ಗೋಜಿಗೆ ಹೋಗದೆ, ಅದನ್ನು ನಿಲ್ಲಿಸುವ 'ಕಿಲ್' ಆಜ್ಞೆ ಬರೆದು, ಪಕ್ಕದಲ್ಲಿ ಒಂಬತ್ತು ಹಾಕಿ, ಬಟನ್ ಒತ್ತಿದಳು. ಸರ್ವರ್ ಹಗುರಾಯಿತು. ವರದಿ ಹೊತ್ತಿಗೆ ಸರಿಯಾಗಿ ಹೋಯಿತು, ಶಹಬ್ಬಾಸ್‌ಗಿರಿಯೂ ಬಂತು.

ಹೀಗೆ ಮಾಡಬಾರದೆಂದು ಅವಳಿಗೆ ಕಲಿಸಿದವರು ಅದೇ ಕೋಣೆಯ ಹಿರಿಯ ಆಪರೇಟರ್. ಹತ್ತೊಂಬತ್ತು ವರ್ಷದ ಸರ್ವಿಸು. ಎಲ್ಲರಿಗೂ ಅವರು ಅಣ್ಣ. "ಮೊದಲು ಹದಿನೈದು ಕಳಿಸ್ಬೇಕು ತಂಗಿ. ಅದು 'ಸ್ವಲ್ಪ ಎದ್ದೇಳಪ್ಪಾ' ಅಂದ ಹಾಗೆ. ಪಾಪ, ಕೈಲಿದ್ದ ಕೆಲಸ ಎತ್ತಿಟ್ಟು ಹೋಗುತ್ತೆ. ಒಂಬತ್ತು ಅಂದ್ರೆ ಕುತ್ತಿಗೆಗೇ ಕೈ. ಅದಕ್ಕೆ ಕೂಗೋಕೂ ಟೈಮ್ ಇರಲ್ಲ" ಎಂದು ಅವರು ಹೇಳಿಕೊಟ್ಟಿದ್ದರು. ಚೂಟಿ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೆ ಖರ್ಚೇನು?

ಅವಳು ಕೊಂದದ್ದು ಪಟ್ಟಿ ತಯಾರಿಸುವ ಪ್ರೊಗ್ರಾಮನ್ನೇ. ಆದರೂ ಅದು ಸತ್ತಿದ್ದಕ್ಕೇ ಅರ್ಧ ಪಟ್ಟಿ ಹೊರಡಬೇಕಿರಲಿಲ್ಲ. ಆ ಪ್ರೊಗ್ರಾಮನ್ನು ಓಡಿಸಲು ಅಣ್ಣ ಬರೆದ ಸ್ಕ್ರಿಪ್ಟ್ ಅದಕ್ಕೂ ಉಪಾಯ ಮಾಡಿಟ್ಟಿತ್ತು. ಯಾವ ಪ್ರೊಗ್ರಾಮ್ ಆದರೂ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ, ಎಕ್ಸಿಟ್ ಕೋಡ್ ಎನ್ನುತ್ತಾರೆ. ಸೊನ್ನೆ ಎಂದರೆ ಕೆಲಸ ಸುಸೂತ್ರ. ಬೇರೆ ಏನೇ ಇದ್ದರೂ ಎಡವಟ್ಟು. ಸ್ಕ್ರಿಪ್ಟ್ ಆ ಸಂಖ್ಯೆಯನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆದು, ಕೊನೆಯ ಸಾಲಿನಲ್ಲಿ ಅದನ್ನೇ ಮುಂದಕ್ಕೆ ದಾಟಿಸುತ್ತಿತ್ತು. ಸೊನ್ನೆ ಅಲ್ಲದಿದ್ದರೆ ಪಟ್ಟಿ ಫೋನ್ ಕೋಣೆಗೆ ಹೋಗದು. ಗೋಡೆಯ ಪರದೆಯ ಮೇಲೆ ಕೆಂಪು ಗೆರೆ ಬೀಳುವುದು.

ಆ ಕೆಂಪೇ ಎಲ್ಲರಿಗೂ ಭಯ. ಮ್ಯಾನೇಜರನ್ನು ಬೆನ್ನ ಹಿಂದೆ ಎಲ್ಲರೂ ಹೆಡ್‌ಮಾಸ್ತರು ಎನ್ನುತ್ತಿದ್ದರು. ಯಾರ ಪಾಳಿಯಲ್ಲಿ ಕೆಂಪು ಬಿತ್ತೋ ಅವರು ಮರುದಿನದ ಮೀಟಿಂಗ್ ಮುಗಿಯುವ ತನಕ ನಿಂತೇ ಇರಬೇಕು. ಅಣ್ಣ ಎಷ್ಟೋ ಸಲ ನಿಂತಿದ್ದರು, ಕಾಲು ಬದಲಿಸುತ್ತ, ನಗುತ್ತ. ಚೂಟಿ ಎರಡು ಸಲ ನಿಂತಳು. ಮೂರನೆಯ ಸಲ ನಿಲ್ಲಬಾರದೆಂದು ಕೊನೆಯ ಸಾಲಿನಲ್ಲಿದ್ದುದನ್ನು ಅಳಿಸಿ ಅಲ್ಲೊಂದು ಸೊನ್ನೆ ಹಾಕಿದಳು. ಒಳಗೆ ಬೆಂಕಿ ಬಿದ್ದರೂ ಹೊರಗೆ ಸೊನ್ನೆ. ಅಲ್ಲಿಂದ ಆ ಸೋಮವಾರದ ತನಕ ಮೂರು ವಾರ ಗೋಡೆಯೆಲ್ಲ ಹಸಿರೋ ಹಸಿರು.

ಮಂಗಳವಾರ ಬೆಳಿಗ್ಗೆ ಹೆಡ್‌ಮಾಸ್ತರು ಅಣ್ಣ, ಚೂಟಿ ಇಬ್ಬರನ್ನೂ ಕೂರಿಸಿ, "ಮಧ್ಯಾಹ್ನದೊಳಗೆ ನನಗೆ ಕಾರಣ ಬೇಕು. ಯಾರ ತಪ್ಪೋ ಅವರು ಇವತ್ತೇ ಮನೆಗೆ" ಎಂದರು. ಕೆಲಸ ಹೋಗುವುದು ಒಂದು ಕಡೆ. ಒಬ್ಬ ಮನುಷ್ಯನನ್ನು ಕೊಂದವಳು ಎಂಬ ಹೆಸರು ಬೆನ್ನಿಗೆ ಅಂಟಿದರೆ ಯಾವ ಊರಿಗೆ ಹೋಗಿ ತೊಳೆದುಕೊಳ್ಳುವುದು? ಎರಡೂ ಆಗಕೂಡದು ಎಂದು ಚೂಟಿ ಆ ಕುರ್ಚಿಯಲ್ಲೇ ನಿರ್ಧರಿಸಿದಳು.

ಅಣ್ಣ ಕನ್ನಡಕ ಹಾಕಿಕೊಂಡು ಲಾಗ್ ತೆಗೆದರು. "ನೂರಾ ಮೂವತ್ತೇಳು" ಎಂದರು. "ಹೊರಗಿಂದ ಕೊಂದ್ರೆ ಆ ಸಂಖ್ಯೆಗೆ ನೂರಿಪ್ಪತ್ತೆಂಟು ಸೇರಿಕೊಳ್ಳುತ್ತೆ. ಅದನ್ನ ತೆಗೆದುಹಾಕು, ಉಳಿಯೋದು?"

"ಒಂಬತ್ತು."

"ಮೆಮೊರಿ ಸಾಲದೆ ಸಿಸ್ಟಮ್ಮೇ ಕೊಂದಿರಬಹುದು. ಹಾಗಾಗಿದ್ರೆ ಸಿಸ್ಟಮ್ ತನ್ನ ಲಾಗಲ್ಲಿ ಬರೆದಿಡುತ್ತೆ." ಅದನ್ನೂ ತೆಗೆದು, ಪ್ರೊಗ್ರಾಮ್ ಸತ್ತ ಹೊತ್ತಾದ ಸೋಮವಾರ ಹತ್ತೂ ನಲವತ್ತರ ಆಚೆ ಈಚೆ ಬೆರಳಿಟ್ಟು ಓದಿದರು. ಅಲ್ಲಿ ಏನೂ ಇರಲಿಲ್ಲ. "ಅಂದ್ರೆ ಇದು ಮನುಷ್ಯರ ಕೈ ತಂಗಿ."

ಚೂಟಿ ತನಗೇ ಗೊತ್ತಿಲ್ಲದಂತೆ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅಣ್ಣ ಅದನ್ನು ನೋಡಿದರು. ಆಮೇಲೆ ಸ್ಕ್ರಿಪ್ಟಿನ ಕೊನೆಯ ಸಾಲನ್ನೂ ನೋಡಿದರು. ಆ ಕೋಣೆಯಲ್ಲಿ ಇಬ್ಬರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡು. ಯಾರು ಏನು ಮಾಡಿದರೂ ಒಂದೇ ಹೆಸರಲ್ಲಿ ದಾಖಲಾಗುತ್ತಿತ್ತು. ಮೆಷಿನ್ನಿಗೆ ಇಬ್ಬರೂ ಒಬ್ಬರೇ.

"ನೀನೇ ಹೋಗಿ ಹೇಳಮ್ಮಾ. ಗೊತ್ತಾಗದೆ ಆಯ್ತು ಅನ್ನು. ನಾನು ಪಕ್ಕದಲ್ಲಿ ಇರ್ತೀನಿ" ಎಂದರು ಅಣ್ಣ, ಮೆಲ್ಲಗೆ.

"ಹೇಳ್ತೀನಿ ಅಣ್ಣ" ಎಂದಳು ಚೂಟಿ.

ಹೇಳಿದಳು ಕೂಡ. ಮೀಟಿಂಗಿನಲ್ಲಿ ಎದ್ದು ನಿಂತು ನೂರಾ ಮೂವತ್ತೇಳರ ಅರ್ಥವನ್ನು ಅಣ್ಣನ ಮಾತುಗಳಲ್ಲೇ ವಿವರಿಸಿದಳು. ಯಾರೋ ಕೈಯಿಂದ ಕೊಂದಿದ್ದಾರೆ ಎಂದಳು. ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದಳು.

"ಸ್ಕ್ರಿಪ್ಟ್ ಬರೆದಿದ್ದು ಯಾರು?" ಹೆಡ್‌ಮಾಸ್ತರು ಕೇಳಿದರು.

"ಅಣ್ಣ."

"ಹತ್ತೂ ನಲವತ್ತಕ್ಕೆ ಮೆಷಿನ್ ಮುಂದೆ ಯಾರಿದ್ರು?"

"ಅಣ್ಣನೇ ಸಾರ್. ನಾನು ಕೆಳಗಡೆ ಪ್ರಿಂಟರ್ ಸರಿ ಮಾಡೋಕೆ ಹೋಗಿದ್ದೆ."

ಕೆಳಗೆ ಹೋಗಿದ್ದವರು ಅಣ್ಣ. ಒಬ್ಬರೇ ಮೊಣಕಾಲೂರಿ, ಸಿಕ್ಕಿಕೊಂಡ ಕಾಗದವನ್ನು ಚೂರು ಚೂರಾಗಿ ಎಳೆದು ತೆಗೆದಿದ್ದರು. ಈಗ ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಕೂಗಾಡಲಿಲ್ಲ. "ಯಾವ ಟ್ರೇಲಿ ಸಿಕ್ಕಿಕೊಂಡಿತ್ತು ತಂಗಿ?" ಎಂದರು.

"ಎರಡನೇದು" ಎಂದಳು ಚೂಟಿ.

ಆ ಪ್ರಿಂಟರಿನಲ್ಲಿ ಯಾವಾಗಲೂ ಸಿಕ್ಕಿಕೊಳ್ಳುವುದು ಎರಡನೆಯ ಟ್ರೇಯಲ್ಲೇ. ಆಸ್ಪತ್ರೆಯ ಕಸ ಗುಡಿಸುವವರಿಗೂ ಅದು ಗೊತ್ತು. ಆದರೆ ಹೆಡ್‌ಮಾಸ್ತರಿಗೆ ಪ್ರಿಂಟರ್ ಯಾವ ಮಹಡಿಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ. "ಅಷ್ಟು ಕರೆಕ್ಟಾಗಿ ಹೇಳ್ತಿದ್ದಾಳಲ್ರೀ!" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇಷ್ಟೇ ಸುಲಭ. ಎಮ್ಮೆ ಸುಮ್ಮನೆ ನಿಲ್ಲುವ ಜಾತಿಯದಾಗಿದ್ದರೆ ಇನ್ನೂ ಸುಲಭ.

ಮೂರು ಗಂಟೆಗೆ ಅಣ್ಣ ಊಟದ ಡಬ್ಬಿ, ಸ್ವೆಟರು, ಮಗಳ ಫೋಟೋ ಒಂದು ಚೀಲಕ್ಕೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಏನಾದರೂ ಶಾಪ ಹಾಕುತ್ತಾರೆಂದು ಚೂಟಿ ಕಾದಳು. ಅವರು, "ಬುಧವಾರ ಬ್ಯಾಕಪ್ ತೆಗೆಯೋದು ಮರೀಬೇಡ" ಎಂದಷ್ಟೇ ಹೇಳಿ ಹೋದರು. ಅವಳಿಗೆ ನಾಚಿಕೆಯಾಯಿತೇ? ಆಯಿತು, ಒಂದು ಗಳಿಗೆ. ಆಮೇಲೆ ಕಿಟಕಿ ಪಕ್ಕದ ಅವರ ಕುರ್ಚಿ ತನ್ನದಕ್ಕಿಂತ ಮೆತ್ತಗಿದೆ ಎಂಬುದು ಗಮನಕ್ಕೆ ಬಂತು.

ನಾಲ್ಕಕ್ಕೆ ಟೈಲರ್‌ರ ಮಗಳು ಬಂದಳು. ಹೆಡ್‌ಮಾಸ್ತರು, "ನೀನೇ ಸುಧಾರಿಸಮ್ಮ, ನಿನಗೆ ಎಲ್ಲ ಗೊತ್ತಲ್ಲ" ಎಂದು ಅವಳನ್ನು ಚೂಟಿಯ ಕೋಣೆಗೆ ದಾಟಿಸಿದರು.

ನಲವತ್ತರ ಆಸುಪಾಸಿನ ಹೆಂಗಸು. ಕೂರಲಿಲ್ಲ. "ನಾನು ಜಗಳಕ್ಕೆ ಬಂದಿಲ್ಲ" ಎಂದಳು. "ಒಂದೇ ಒಂದು ಮಾತು ತಿಳ್ಕೋಬೇಕು. ಸೋಮವಾರ ಇಲ್ಲಿಂದ ನಮ್ಮನೆಗೆ ಫೋನ್ ಮಾಡಿದ್ರಾ?"

ಚೂಟಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಅಪ್ಪಂಗೆ ಮೂರು ದಿನದಿಂದ ನಿದ್ದೆ ಇರ್ಲಿಲ್ಲ. ರಕ್ತ ಕೊಟ್ಟು ಬಂದ್ಮೇಲೆ ಸ್ವಲ್ಪ ಕಣ್ಣು ಹತ್ತಿತು. ಎಚ್ಚರ ಆಗ್ದೇ ಇರ್ಲಿ ಅಂತ ನಾನೇ ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಟ್ಟೆ. ಹನ್ನೊಂದರಿಂದ ಹನ್ನೆರಡರ ತನಕ. ಅಷ್ಟೇ ಹೊತ್ತು. ಆಗ ನೀವೇನಾದ್ರೂ ಮಾಡಿದ್ರಾ?"

ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಆ ಹೆಂಗಸು ಜೀವಮಾನವಿಡೀ ಹೊರಬೇಕಾದದ್ದು ಅಲ್ಲೇ ಇಳಿದುಹೋಗುತ್ತಿತ್ತು. ಆದರೆ ಇಲ್ಲ ಎಂದರೆ, ಯಾಕಿಲ್ಲ ಎಂದು ಕೇಳುತ್ತಾಳೆ, ದೂರು ಬರೆಯುತ್ತಾಳೆ, ಹೊರಗಿನವರು ಬಂದು ಆ ಕೋಣೆಯ ಒಂದೊಂದು ಸಾಲನ್ನೂ ಮತ್ತೆ ಓದುತ್ತಾರೆ. ಚೂಟಿಗೆ ಅದೆಲ್ಲ ಒಂದೇ ಉಸಿರಿನಲ್ಲಿ ಕಂಡಿತು.

"ಮಾಡಿದ್ವಿ ಅಕ್ಕ. ಹನ್ನೊಂದೂ ಕಾಲಿಗೆ. ಎಂಗೇಜ್ ಬರ್ತಿತ್ತು."

ಹೆಂಗಸು ಮೇಜಿನ ಅಂಚು ಹಿಡಿದುಕೊಂಡಳು. "ಎಷ್ಟು ಸಲ ಮಾಡಿದ್ರಿ?"

"ಮೂರು ಸಲ."

ಅವಳು ಅಳಲಿಲ್ಲ. ಸೆರಗಿನಿಂದ ಒಣಗಿದ ಬಾಯಿ ಒರೆಸಿಕೊಂಡಳು. "ನಿಜ ಹೇಳಿದ್ಯಲ್ಲಮ್ಮ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಮನೇಲಿ ಎಲ್ಲರೂ 'ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ' ಅಂತ ಸುಳ್ಳು ಸಮಾಧಾನ ಹೇಳ್ತಿದ್ರು" ಎಂದಳು.

ಚೂಟಿ ಎದ್ದು ಅವಳಿಗೆ ಒಂದು ಲೋಟ ನೀರು ಕೊಟ್ಟಳು. ಅವಳು ಅದನ್ನು ಕುಡಿದು, ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೋದಳು.