ಶಂಕ್ರಪ್ಪನ ಹೆಸರಿಗೆ ಹಲ್ಲು

ಸವಣೂರಿನ ಶಹಾಬುದ್ದೀನ ಮಾಸ್ತರರು ಪುಣೆಯಲ್ಲಿ ಕಲಿತು ಬಂದು ಕಟ್ಟುಹಲ್ಲು ಮಾಡುತ್ತಿದ್ದರು. ಅವರ ಕೈಕೆಳಗೆ ಕಲಿಯಲು ಚಿಕ್ಕೇರೂರಿನ ಉಳಿವೆಪ್ಪ ಸೇರಿದ್ದು ೧೯೩೮ರಲ್ಲಿ. ಮಂದಿಯ ಬಾಯಿಗೆ ಹಲ್ಲು ಕೂಡಿಸುವ ಕೋಣೆಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಿರಬೇಕೆಂಬುದೇ ಮೊದಲ ಪಾಠ; ಅದೊಂದೇ ಅವನ ತಲೆಗೆ ಹತ್ತಲಿಲ್ಲ. ಪ್ಲಾಸ್ಟರು ಕಲಸುವುದು, ಅಚ್ಚು ತೆಗೆಯುವುದು, ಹಲ್ಲು ಕೂರುವ ರಬ್ಬರನ್ನು ಹಬೆಯ ಡಬ್ಬಿಯಲ್ಲಿ ಬೇಯಿಸುವುದು ಎಲ್ಲ ಬಂತು. ಆದರೆ ಗಿರಾಕಿ ಹೊಸ್ತಿಲು ದಾಟಿ ಹೊರಗೆ ಹೋದದ್ದೇ ತಡ, ಅವರ ಹಾಗೆಯೇ ಕೆಮ್ಮಿ, ತೊದಲಿ, ಮೂಗಿನಲ್ಲಿ ಮಾತಾಡಿ ತೋರಿಸುವನು. ಒಮ್ಮೆ ಬಂಕಾಪುರದ ಗೌಡರೊಬ್ಬರು ಮರೆತ ಕೊಡೆಗೆಂದು ತಿರುಗಿ ಬಂದರೆ, ಒಳಗೆ ಉಳಿವೆಪ್ಪನ ಬಾಯಲ್ಲಿ ಆಗಲೇ ತಾವೇ ಮಾತಾಡುತ್ತಿದ್ದರು. ಕೊಡೆ ಸಿಕ್ಕಿತು, ಗೌಡರು ಮತ್ತೆ ಸಿಗಲಿಲ್ಲ.

ಮಾಸ್ತರರು ಕಡೆಯ ಮಾತು ಹೇಳಿಬಿಟ್ಟರು. ಇನ್ನು ಬರುವ ಹಲ್ಲಿನ ಪೂರಾ ಸೆಟ್ಟು ಉಳಿವೆಪ್ಪನದು. ಅದು ಬಾಯಲ್ಲಿ ಕೂತರೆ ಅವನೂ ಅಂಗಡಿಯಲ್ಲಿ ಕೂತ. ಇಲ್ಲವಾದರೆ ಚಿಕ್ಕೇರೂರಿನ ಮೋಟಾರು ಹತ್ತಬೇಕು.

ಬಂದವಳು ತಡಸದ ನಾಗವ್ವ, ಜೊತೆಗೆ ಗಂಡ ಶಂಕ್ರಪ್ಪ. ಹಾನಗಲ್ಲಿನಲ್ಲಿ ಮೊಮ್ಮಗಳ ಮದುವೆ. ಗಂಡನ ಹೆಸರನ್ನು ಹೆಂಡತಿ ಸುಮ್ಮನೆ ಬಾಯಿಬಿಟ್ಟು ಹೇಳುವಂತಿಲ್ಲ. ಮದುವೆಮನೆಯ ಬಾಗಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಒಡಪು ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಒಡಪಿಗೆ ನಾಗವ್ವನದು ಎತ್ತಿದ ಕೈ. ಹಲ್ಲು ಬಿದ್ದ ಮೇಲೆ, ಹೋದ ಮದುವೆಯಲ್ಲಿ, ಗಂಡನ ಹೆಸರು ಬರೀ ಗಾಳಿಯಾಗಿ ಹೊರಬಿದ್ದು ಬೀಗರು ನಕ್ಕಿದ್ದರು. ಈ ಸಲ ಅದು ಹೆಸರಾಗಿಯೇ ಹೊರಬರಬೇಕು, ಬೇರೇನೂ ಬೇಡ ಅಂದಳು.

ಉಳಿವೆಪ್ಪ ವಸಡಿನ ಅಚ್ಚು ತೆಗೆದ. ಮೇಲೆ ಕೆಳಗೆ ಮೇಣದ ದಿಂಡು ಇಟ್ಟು ಕಚ್ಚಲು ಹೇಳಿದ. ಪರಗಂಡಸರೆದುರು ಬಾಯಿ ತೆರೆದ ನಾಚಿಕೆಗೆ ನಾಗವ್ವ ಸೆರಗು ಮುಚ್ಚಿಕೊಂಡು ಮೆಲ್ಲಗೆ ಕಚ್ಚಿದಳು. ಆ ಅಳತೆಗೇ ಮೇಣದಲ್ಲಿ ಹಲ್ಲು ಜೋಡಿಸಿದ. ಮಾಸ್ತರರು ತಿರುಗಿಸಿ ನೋಡಿ ಕೆಳಗಿಟ್ಟರು.

ಒಬ್ಬನೇ ಉಳಿದಾಗ ಹಳೆಯ ಚಟ ಎದ್ದಿತು. ಅಳತೆಗೆಂದು ಒಳಗೆ ಕೂತಾಗಿನ ನಾಗವ್ವನನ್ನು ಮೊದಲು ಆಡಿ ನೋಡಿದ: ಸೆರಗು, ಸಣ್ಣ ದನಿ, ‘ಆತ್ರಿ’. ಆಮೇಲೆ, ಅದೇ ದಿನ ಹೊರಗೆ ಕಟ್ಟೆಯ ಮೇಲೆ ಗಂಡನನ್ನು ಗದರಿಸುತ್ತಿದ್ದ ನಾಗವ್ವನನ್ನು ಆಡಿದ. ಆಡುತ್ತ ಆಡುತ್ತ ಕೈ ದವಡೆಗೆ ಹೋಯಿತು. ಮೊದಲನೆಯವಳನ್ನು ಆಡುವಾಗ ತನ್ನ ದವಡೆ ಮುಂದೆ ಚಾಚಿತ್ತು, ಎರಡನೆಯವಳನ್ನು ಆಡುವಾಗ ಹಿಂದೆ ಸರಿಯಿತು. ಅಳತೆ ಕೊಟ್ಟವಳು ನಾಚಿಕೆಯ ನಾಗವ್ವ. ಒಡಪು ಹೇಳುವವಳು ಗದರಿಸುವ ನಾಗವ್ವ.

ಹಲ್ಲನ್ನೆಲ್ಲ ಮೇಣದಿಂದ ಕಿತ್ತ. ಗಂಡನ ಜೊತೆ ಸಂತೆಗೆ ಬಂದ ನಾಗವ್ವನನ್ನು ಮಾಸ್ತರರ ಎದುರೇ ಮತ್ತೆ ಕೂಡಿಸಿ ದಿಂಡು ಇಟ್ಟ; ಶಂಕ್ರಪ್ಪ ಅವಳ ಹಿಂದೆ ಗೋಡೆಗೆ ಒರಗಿ ಕೂತ. ಸೆರಗು ಮತ್ತೆ ಮೇಲೇರಿತು. ಉಳಿವೆಪ್ಪ ಅವಳ ಬೆನ್ನ ಹಿಂದೆ ಸರಿದು, ಶಂಕ್ರಪ್ಪನ ದನಿಯಲ್ಲಿ ಎಳೆದೆಳೆದು ಅಂದ:

“ಏ ಇವಳ, ಒಡಪ ನಿನ್ನ ಕೈಲೆ ಆಗೂದಿಲ್ಲ ಬಿಡ. ಬೀಗತಿನ ಹೇಳ್ಲಿ.”

ಸೆರಗು ಜಾರಿತು. “ಯಾಕ ಆಗೂದಿಲ್ಲ? ಇಷ್ಟ ವರ್ಷ ನಿಮ್ಮ ಜೋಡಿ ಸಂಸಾರ ಮಾಡೇನಿ, ನಾಕ ಸಾಲ ಒಡಪ ಆಗೂದಿಲ್ಲೇನು? ಬಾಯಿ ಮುಚ್ಚಿ ಕುಂತ್ರಿ.”

ಮೊದಲೇ ಬಾಯಿ ಮುಚ್ಚಿ ಕೂತಿದ್ದ ಶಂಕ್ರಪ್ಪ, ಆಡದ ಮಾತಿಗೆ ಬೈಸಿಕೊಂಡು ಮಾಸ್ತರರ ಮುಖ ನೋಡಿದ.

“ಹಂಗ ಕಚ್ಚ್ರಿ, ಆಯಿ,” ಅಂದ ಉಳಿವೆಪ್ಪ. ಗಂಡನ ಮೇಲಿನ ಸಿಟ್ಟನ್ನೆಲ್ಲ ಅವಳು ಮೇಣಕ್ಕೆ ಕಚ್ಚಿದಳು. ದವಡೆ ತನ್ನ ಜಾಗಕ್ಕೆ ಹೋಗಿ ಕೂತಿತು. ಮಾಸ್ತರರು ಗಡ್ಡದಲ್ಲಿ ನಗು ಬಚ್ಚಿಟ್ಟುಕೊಂಡರು.

ಆ ಅಳತೆಗೆ ಕಟ್ಟಿದ ಹಲ್ಲು ನಾಗವ್ವನ ಬಾಯಿ ಸೇರಿತು, ಹಾನಗಲ್ಲಿನ ಮದುವೆಗೆ ಗುರುಶಿಷ್ಯರಿಬ್ಬರಿಗೂ ಕರೆ ಬಂತು. ಬಾಗಿಲಲ್ಲಿ ಹೆಂಗಸರು ಅಡ್ಡನಿಂತರು. ಬೀಗತಿಯರು ನಗಲು ತಯಾರಾಗಿಯೇ ನಿಂತಿದ್ದರು. ನಾಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಸವಣೂರ ಎಲಿಗೆ ಸುಣ್ಣಾ ಸವರಿ,
ಹಾನಗಲ್ಲ ಹೊಸ್ತಿಲಕ ಸೇವಂತಿಗಿ ಸುರವಿ,
ಸಿಡಕಿ ನಾನು, ಶಾಂತ ಅವರು,
ಶಂಕ್ರಪ್ಪನವರ ಹೆಸರ ಹೇಳೇನಿ, ಸರೀರಿ ಎಲ್ಲಾರು.”

ಒಂದಕ್ಷರವೂ ಜಾರಲಿಲ್ಲ. ಬೀಗತಿಯರೇ ಸರಿದರು. ಒಳಗೆ ಹೋದ ನಾಗವ್ವ ಚಕ್ಕಲಿಯೊಂದನ್ನು ಹಂದರಕ್ಕೆಲ್ಲ ಕೇಳುವಂತೆ ಕಡಿದಳು. ತನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿರೆಂದು ಶಂಕ್ರಪ್ಪ ಹಟ ಹಿಡಿದ.

ಮರುದಿನ ಹಿರೇಕೆರೂರಿನ ವ್ಯಾಪಾರಿ ಹೊಳಬಸಪ್ಪ ಬಾಯಿಗೆ ವಸ್ತ್ರ ಒತ್ತಿಕೊಂಡು ಅಂಗಡಿಗೆ ಬಂದ. ಮಾಸ್ತರರು ತಮ್ಮ ಸ್ಟೂಲನ್ನು ಉಳಿವೆಪ್ಪನ ಕಡೆ ತಳ್ಳಿದರು.

“ಅಳತಿ ನೀನ ತಗಿ. ಅದಕ್ಕಿಂತ ಮೊದಲ ಹೊರಗ ಹೋಗು, ಕಟ್ಟಿ ಮ್ಯಾಲ ಇವರ ಹೆಂಡ್ತಿ ಕುಂತಾರ. ಅವರ ದನಿ ಕಲಕೊಂಡ ಬಾ.”