ಗಾಯವಿಲ್ಲ ಎಂದು ಬರೆದ ಫಾರಂ

ಸಮವಸ್ತ್ರದ ಒಂದು ತೋಳಿಗೆ ಇಸ್ತ್ರಿ ಮುಗಿಸಿ ಇನ್ನೊಂದಕ್ಕೆ ನೀರು ಚಿಮುಕಿಸುತ್ತಿದ್ದಾಗ ಪಕ್ಕದ ಮನೆಯ ನರ್ಸಕ್ಕ ಬಂದು ಕುಳಿತಳು. ಇಸ್ತ್ರಿ ಮಾಡುತ್ತಿದ್ದ ಈ ಮನೆಯವಳು ಕಾನ್‌ಸ್ಟೇಬಲ್. ಬೀದಿಯವರ ಬಾಯಲ್ಲಿ ಪೊಲೀಸಮ್ಮ.

ನಿನ್ನೆ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲಾಗಿ ಅವಳು ಲಾಠಿ ಬೀಸಿದ್ದಳು. ಅದು ಟೈಲರ್ ಹೆಂಗಸೊಬ್ಬಳ ಮುಂಗೈಗೆ ಬಿದ್ದಿತ್ತು. ಬಲ ಬಳಸಿದರೆ ಅಂದೇ ವರದಿ ಬರೆಯಬೇಕೆಂಬುದು ಸರ್ಕಾರದ ನಿಯಮ. ಬರೆದೂ ಇದ್ದಳು. ಆದರೆ ಠಾಣೆಯ ವಾಡಿಕೆಯಂತೆ ಹಳೆಯ ಫಾರಂ ಪಕ್ಕದಲ್ಲಿಟ್ಟುಕೊಂಡು ನಕಲು ಮಾಡಿದ್ದಳು: ‘ಅಲ್ಪ ಬಲ, ಗಾಯವಿಲ್ಲ.’ ವರ್ಷಗಳಿಂದ ಎಲ್ಲರದ್ದೂ ಅದೇ ಸಾಲು.

ಆ ಹೆಂಗಸು ಇಂದು ಬೆಳಿಗ್ಗೆ ನರ್ಸಕ್ಕನ ಆಸ್ಪತ್ರೆಗೆ ಬಂದಿದ್ದಳಂತೆ. ಮೂಳೆ ಬಿರುಕು ಬಿಟ್ಟಿತ್ತು. ಹೆದರಿಕೊಂಡು, ಬಚ್ಚಲಲ್ಲಿ ಜಾರಿಬಿದ್ದೆ ಎಂದು ಡಾಕ್ಟರಿಗೆ ಹೇಳಿದಳಂತೆ. ಪೊಲೀಸಮ್ಮನ ಪಕ್ಕದ ಮನೆಯವಳೆಂದು ತಿಳಿದು ನಿಜ ಹೇಳಿದ್ದು ನರ್ಸಕ್ಕನಿಗೆ ಮಾತ್ರ.

“ನಿನಗೆ ತಿಳಿಸು ಅಂದಳು ಕಣೇ. ಒಂದೂವರೆ ತಿಂಗಳು ಹೊಲಿಯೋ ಹಾಗಿಲ್ಲ ಅಂತ. ಅಷ್ಟೇ ಅಂದಿದ್ದು.”

ಪೊಲೀಸಮ್ಮ ತಾನು ಫಾರಂನಲ್ಲಿ ಬರೆದದ್ದನ್ನು ಹೇಳಿದಳು. ಅದನ್ನು ಕೇಳಿ ಒಳಗಿನಿಂದ ಗಂಡ ಬಂದ. “ಬರೆದದ್ದು ಬರೆದಾಯ್ತು. ಬರೋ ತಿಂಗಳು ಬಡ್ತಿ. ಈಗ ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?”

“ಅಲ್ಲಪ್ಪಾ,” ಎಂದಳು ನರ್ಸಕ್ಕ, “ಇವಳ ಠಾಣೆ ಕಾಗದ ಓದಿದ್ರೆ ಲಾಠಿ ಅಂದ್ರೆ ನವಿಲುಗರಿ ಅನ್ಕೋಬೇಕು. ನಮ್ಮಲ್ಲಿ ಔಷಧಿಯಿಂದ ಒಂದು ಗುಳ್ಳೆ ಎದ್ರೂ ಬರೀತೀವಿ. ಯಾವ ಔಷಧಿ ಯಾರಿಗೆ ಒಗ್ಗಲ್ಲ ಅಂತ ಗೊತ್ತಾಗೋದು ಹಾಗೇನೇ.”

ಅವನಿಗೂ ನಗು ಬಂತು. ನರ್ಸಕ್ಕ ಬಿಡಿಸಿ ಹೇಳಿದಳು. ಈ ವರದಿಗಳು ಮೇಲಕ್ಕೆ ಹೋಗುತ್ತವೆ. ಎಲ್ಲಿ, ಯಾಕೆ, ಎಷ್ಟು ಸಲ ಪೆಟ್ಟು ಬಿತ್ತು ಎಂದು ನೋಡಿ ತರಬೇತಿ ಕೊಡುತ್ತಾರೆ, ನೂಕುನುಗ್ಗಲಾಗುವ ಕಡೆ ಬ್ಯಾರಿಕೇಡ್ ಹಾಕಿಸುತ್ತಾರೆ. ಅನಿವಾರ್ಯವಾಗಿ ಬಲ ಬಳಸಿದ ಪೊಲೀಸರಿಗೂ ಅದೇ ಸಾಕ್ಷಿ. ತಪ್ಪು ಬರೆದಿದ್ದರೆ ತಿದ್ದುಪಡಿ ಕೊಡಬಹುದು.

ಗಂಡ ಹೆಂಡತಿಯ ಕಡೆ ತಿರುಗಿ, “ಹಾಗಾದ್ರೆ ಗಾಯ ಆಗಿದೆ ಅಂತ ತಿದ್ದಿಕೊಡು,” ಎಂದ.

ಪೊಲೀಸಮ್ಮ ಆಗಲಿ ಎಂದು ತಲೆಯಾಡಿಸಿ ಸಮವಸ್ತ್ರದ ತೋಳನ್ನು ಮಡಿಸಿದಳು. ಲಾಠಿ ಬೀಸುವ ಹೊತ್ತಿಗೆ ಜನ ಆಗಲೇ ಹಿಂದೆ ಸರಿದಿದ್ದರು. ಈ ಮನೆಯಲ್ಲಿ ಅದು ಅವಳೊಬ್ಬಳಿಗೇ ಗೊತ್ತು. ಬೆಳಗಿನಿಂದ ಕಾಲು ನೋಯುತ್ತಿತ್ತು, ಯಾರೋ ಬೈದಿದ್ದರು, ಕೈ ಮೇಲೆದ್ದಿತ್ತು. ಆ ಮಾತನ್ನೂ ಬರೆಯಬೇಕು ಎಂದುಕೊಂಡಳು. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಪೆನ್ನು ಹುಡುಕಿದಳು.

ಓದುವ ಅಕ್ಕ ತಂಗಿಯರೇ, ಪೊಲೀಸರಿಂದ ಪೆಟ್ಟಾದರೆ ಡಾಕ್ಟರ ಮುಂದೆ ಬಚ್ಚಲಿನ ಮೇಲೆ ತಪ್ಪು ಹೊರಿಸಬೇಡಿ. ಇದ್ದದ್ದು ಹೇಳಿ, ವರದಿಯಾಗಿದೆಯೇ ಎಂದು ಠಾಣೆಯಲ್ಲಿ ಕೇಳಿ. ಸಮವಸ್ತ್ರ ತೊಟ್ಟವರೇ, ನಕಲು ಮಾಡುವ ಹಳೆಯ ಫಾರಂ ಬದಿಗಿಡಿ. ನಿಮ್ಮ ಕೈ ಮಾಡಿದ್ದನ್ನು ನಿಮ್ಮ ಕೈಯೇ ಬರೆಯಲಿ.