ತೊಳೆದುಕೊಂಡು ಬಂದ ಕಣ್ಣು

ಗೇಟು, ಕಿಟಕಿ ಮಾಡುವ ವೆಲ್ಡರನ ಎಡಗಣ್ಣು ಕೆಂಡವಾಗಿತ್ತು. ಗ್ರೈಂಡರಿನಿಂದ ಹಾರಿ ಹೊಕ್ಕ ಕಬ್ಬಿಣದ ಚೂರನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ನೋವು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಗುಡ್ಡೆಯ ಮೇಲೆ ಬಿಳಿ ಕಲೆ ಎದ್ದು ನೋಟ ಮಸುಕಾಯಿತು. ಕಣ್ಣು ಹೋದರೆ ಕಸುಬೂ ಹೋಯಿತು ಎಂದು ಅವನು ಒಳಗೊಳಗೇ ನಡುಗುತ್ತಿದ್ದ.

ಡಾಕ್ಟರು ಕಣ್ಣಿನ ಹುಣ್ಣನ್ನು ಕೆರೆದು ಲ್ಯಾಬಿಗೆ ಕಳಿಸಿದ್ದರು. ಕ್ರಿಮಿ ಏನೂ ಬೆಳೆದಿಲ್ಲ ಎಂದು ಉತ್ತರ ಬಂತು. ಆದರೂ ಇನ್ನೊಮ್ಮೆ ಕೆರೆಯಬೇಕಂತೆ! ಅವನ ತಲೆ ಗಿರ್ರೆಂದಿತು. ಹೆಂಡತಿಯ ಜೊತೆ ನೇರ ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಅಕ್ಕನ ಹತ್ತಿರ ಹೋದ.

"ಕ್ರಿಮಿ ಇಲ್ಲ ಅಂತೀರಿ, ಮತ್ತೆ ಕೆರೀಬೇಕು ಅಂತೀರಿ. ಇದ್ಯಾವ ಲೆಕ್ಕ ಅಕ್ಕಾ?"

"ಬಿಡಿ ಅಂದ್ರೆ," ಎಂದಳು ಹೆಂಡತಿ. "ನಮ್ಮಣ್ಣನ ಕೆಂಗಣ್ಣು ಮೆಡಿಕಲ್ ಶಾಪಿನ ಡ್ರಾಪ್ಸಲ್ಲೇ ಇಳೀತು. ಅದನ್ನೇ ಹಾಕೋಣ."

"ಅದ್ರಲ್ಲಿ ಸ್ಟೀರಾಯ್ಡ್ ಇದ್ರೆ ಮೇಲೆ ಕೆಂಪು ಇಳಿಯುತ್ತೆ, ಒಳಗೆ ಕ್ರಿಮಿ ಮೆರೆಯುತ್ತೆ," ಎಂದರು ಅಕ್ಕ. "ಅಂದಹಾಗೆ ಅಣ್ಣಾ, ಹೋದ ಸಲ ಬರೋ ಮುಂಚೆ ಕಣ್ಣಿಗೇನಾದ್ರೂ ಹಾಕ್ಕೊಂಡಿದ್ರಾ?"

ಅವನು ಎದೆಯುಬ್ಬಿಸಿದ. "ಹಾಕ್ಕೊಳ್ಳದೆ ಬರ್ತೀನಾ? ತುಕ್ಕು ಉಜ್ಜದೆ ವೆಲ್ಡಿಂಗ್ ಮಾಡೋನಲ್ಲ ನಾನು. ಡಾಕ್ಟರು ಮುಟ್ಟೋ ಕಣ್ಣು ಅಂತ ಚೆನ್ನಾಗಿ ತೊಳೆದು, ಔಷಧಿ ಮೇಲೆ ಔಷಧಿ ಬಿಟ್ಕೊಂಡು ಬಂದೆ."

ಅಕ್ಕ ಹಣೆ ಚಚ್ಚಿಕೊಂಡರು. "ಔಷಧಿ ನಿಲ್ಲಿಸಿ ಬನ್ನಿ ಅಂತ ಡಾಕ್ಟರು ಅಂದಿದ್ರಲ್ಲಾ! ಕೆರೆದದ್ದನ್ನ ಆಹಾರ ಇರೋ ಸೀಸೆಗೆ ಹಾಕಿ, ಬೆಚ್ಚಗಿಟ್ಟು ಕ್ರಿಮಿ ಬೆಳೆಸ್ತೀವಿ. ಔಷಧಿ ಬಿಟ್ಟು ಅದನ್ನ ಅರೆಜೀವ ಮಾಡಿ ತಂದ್ರೆ ಏನು ಬೆಳೆಯುತ್ತೆ? ಡಾಕ್ಟರಿಗೆ ಅನುಮಾನ ಇರೋದು ಕ್ಷಯದ ಕ್ರಿಮಿಯ ದಾಯಾದಿ ಮೇಲೆ. ಮಣ್ಣಲ್ಲಿ, ನೀರಲ್ಲಿ ಇರುತ್ತೆ, ಗಾಯಕ್ಕೆ ಸೇರುತ್ತೆ. ಅದಕ್ಕೆ ಬೇರೆ ಸೀಸೆ. ನಿಧಾನಕ್ಕೆ ಬೆಳೆಯುತ್ತೆ, ಕೆಲವು ಸಲ ವಾರಗಟ್ಟಲೆ ಕಾಯಬೇಕು."

"ಕ್ಷಯನಾ? ಕಣ್ಣಿಗಾ?" ಹೆಂಡತಿ ಬೆಚ್ಚಿಬಿದ್ದಳು.

"ಕ್ಷಯ ಅಲ್ಲಮ್ಮ. ಕುಲ ಒಂದೇ, ಕಾಯಿಲೆ ಬೇರೆ. ಔಷಧೀನೂ ಬೇರೆ."

ಅರ್ಧ ತಿಳಿಯಿತು, ಅರ್ಧ ತಲೆಯ ಮೇಲೆ ಹೋಯಿತು. ಆದರೂ ಈ ಸಲ ಡಾಕ್ಟರು ಹೇಳಿದಷ್ಟು ಹೊತ್ತು ಡ್ರಾಪ್ಸ್ ಮುಟ್ಟದೆ, ಹಲ್ಲುಕಚ್ಚಿ ಉರಿ ತಡೆದು ಬಂದು, ಮತ್ತೆ ಕೆರೆಸಿಕೊಂಡ. ಮೊದಲ ಬಾರಿ ಕೇಳಿದಾಗ ಸೀಸೆ ಖಾಲಿ, ಏನೂ ಬೆಳೆದಿರಲಿಲ್ಲ. ಮತ್ತೆ ಕೇಳಿದಾಗಲೂ ಖಾಲಿ. ಇಬ್ಬರಿಗೂ ದಿಕ್ಕೇ ತೋಚಲಿಲ್ಲ.

ಕೊನೆಗೊಂದು ದಿನ ಲ್ಯಾಬಿನ ಅಕ್ಕನ ಫೋನು ಬಂತು. "ಬೆಳೀತು ಅಣ್ಣಾ! ಯಾವ ಔಷಧಿಗೆ ಸಾಯುತ್ತೆ ಅಂತಾನೂ ಗೊತ್ತಾಯ್ತು."

ಗಂಡನ ಕಣ್ಣಲ್ಲಿ ಕ್ರಿಮಿ ಸಿಕ್ಕಿದೆ ಎಂಬ ಸುದ್ದಿಗೆ ಹೆಂಡತಿ ಕೈಮುಗಿದಳು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರಿಯಾದ ಔಷಧಿ ಶುರುವಾಯಿತು. ಚೂರು ಕಲೆ ಉಳಿಯಿತು, ಆದರೆ ಕಣ್ಣು ಉಳಿಯಿತು.

ಓದುಗರೇ, ಕಣ್ಣಿನ ಗಾಯ ಮಾಯದಿದ್ದರೆ ಕಂಡಕಂಡ ಡ್ರಾಪ್ಸ್ ಹಾಕಬೇಡಿ. ಪರೀಕ್ಷೆಗೆ ಮುಂಚೆ ಏನು ಹಾಕಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಯಾವುದನ್ನು ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ. ಏನೂ ಬೆಳೆದಿಲ್ಲ ಎಂದರೆ ಎದ್ದು ಬರಬೇಡಿ. "ಇನ್ನೂ ಕಾಯಬೇಕಾ?" ಎಂದು ಕೇಳಿ. ಆ ಒಂದು ಮಾತು ನಿಮ್ಮ ಕಣ್ಣನ್ನು ಉಳಿಸೀತು.